ಎಮ್ಮೆ ಹಿಂಡುವ ಹೊತ್ತಿಗೆ ಮನೆ: ಹಲವು ಕೆಲಸಗಳ ಒಂದು ದಿನವನ್ನು ನಡೆಸುವ ಬಗೆ

ಬೆಳಗಿನ ಮಬ್ಬು ಇನ್ನೂ ಹರಿಯದ ಹೊತ್ತಿನಲ್ಲಿ ಹಿರೇಬೆಂಡಿಗೇರಿಯ ಬಸ್ಸು ನಿಲ್ಲುವಲ್ಲಿಗೆ ನನ್ನ ಸೋದರತ್ತೆ ಬಂದು ನಿಂತಾಗ ಆಕೆಯ ಕೈಯಲ್ಲಿ ಎರಡು ಚೀಲಗಳಿದ್ದವು; ಒಂದರಲ್ಲಿ ಖಡಕ್ ರೊಟ್ಟಿ, ಶೇಂಗಾಹಿಂಡಿ, ನೀರಿನ ಬಾಟಲಿ; ಮತ್ತೊಂದರಲ್ಲಿ, ಧೂಳು ಹತ್ತದಂತೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಕಾಗದಗಳ ಕಟ್ಟು. ಅಂದು ಮುಗಿಸಬೇಕೆಂದು ಆಕೆ ಬೆರಳೆಣಿಸಿಕೊಂಡಿದ್ದ ಕೆಲಸಗಳು ಐದು: ರಕ್ತದೊಳಗಿನ ಸಕ್ಕರೆಯ ಪರೀಕ್ಷೆ, ಹೊಲದ ಉತಾರ, ಮೊಮ್ಮಗಳ ವಿದ್ಯಾರ್ಥಿವೇತನಕ್ಕೆ ಬೇಕಾದ ಆದಾಯ ಪ್ರಮಾಣಪತ್ರ, ಬ್ಯಾಂಕಿನಲ್ಲಿ ಆಧಾರ್ ಜೋಡಣೆ, ಮತ್ತು ಹೊತ್ತು ಮಿಕ್ಕರೆ ಹುಬ್ಬಳ್ಳಿಯಲ್ಲಿ ಕಣ್ಣಿನ ವೈದ್ಯರ ಭೇಟಿ.

ಸಂಜೆ ನಾವು ಮರಳಿದಾಗ ಐದರಲ್ಲಿ ಒಂದು, ಉತಾರ ಮಾತ್ರ, ಕೈಗೆ ಬಂದಿತ್ತು. ಶಿಗ್ಗಾವಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದೊಡನೆ ರೂಢಿಯಂತೆ ಕುಡಿದ ಅರ್ಧ ಕಪ್ ಚಹಾ ಖಾಲಿಹೊಟ್ಟೆಯ ಪರೀಕ್ಷೆಯನ್ನು ನಿರರ್ಥಕಗೊಳಿಸಿತು. ಬ್ಯಾಂಕಿನ ಕಿಟಕಿಯ ಮುಂದೆ ಒಂದು ತಾಸು ಪಾಳಿಯಲ್ಲಿ ನಿಂತಾದ ಮೇಲೆ ಪಾಸ್‌ಬುಕ್ ಮನೆಯ ಟ್ರಂಕಿನಲ್ಲೇ ಉಳಿದಿದೆಯೆಂಬುದು ತಿಳಿಯಿತು. ಪ್ರಮಾಣಪತ್ರದ ಕಚೇರಿಯಲ್ಲಿ "ಸರ್ವರ್ ಬಂದಾಗೈತಿ, ನಾಳಿ ಬರ್ರಿ" ಎಂಬ ಉತ್ತರ ದೊರೆಯಿತು. ಹುಬ್ಬಳ್ಳಿಯ ಮಾತೆತ್ತುವಷ್ಟು ಹೊತ್ತೇ ಉಳಿದಿರಲಿಲ್ಲ. ಊರ ಹಾದಿಯಲ್ಲಿ ಕಬ್ಬು ತುಂಬಿದ ಎರಡು ಟ್ರೇಲರುಗಳನ್ನು ಎಳೆಯುತ್ತಿದ್ದ ಟ್ರ್ಯಾಕ್ಟರಿನ ಹಿಂದೆ ಬಸ್ಸು ಆಮೆನಡಿಗೆಯಲ್ಲಿ ಸಾಗಿ ಮನೆ ಮುಟ್ಟಿದಾಗ ದೀಪ ಹಚ್ಚಿ ಬಹಳ ಹೊತ್ತಾಗಿತ್ತು. ಹಿತ್ತಲಲ್ಲಿ ಎಮ್ಮೆ ಒಂದೇ ಸಮನೆ ಒದರುತ್ತಿತ್ತು. ಅತ್ತೆ ಚೀಲಗಳನ್ನು ಪಡಸಾಲೆಯಲ್ಲಿ ಇಳಿಸಿ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಕೆಲಸ ಉಳದದ್ದಕ್ಕ ನನಗ ಬ್ಯಾಸರಿಲ್ಲೋ ತಮ್ಮಾ. ಎಮ್ಮಿ ಹಿಂಡೂ ಹೊತ್ತು ತಪ್ಪಿತಲ್ಲ, ಅದು ಹೊಟ್ಟ್ಯಾಗ ಚುಚ್ಚತೈತಿ."

ಈ ಲೇಖನವು ಆ ಮಾತಿನಿಂದ ಹುಟ್ಟಿದ್ದು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಿಂದ ದಿನಬೆಳಗಾದರೆ ಕಾಗದದ ಚೀಲ ಹಿಡಿದು ಹೊರಡುವ ಸಹಸ್ರಾರು ಜನರು ದಣಿಯುವುದು ಕೆಲಸದ ಭಾರದಿಂದಲ್ಲ, ಕ್ರಮ ತಪ್ಪಿದ್ದರಿಂದ. ಮತ್ತು ಆ ಕ್ರಮವನ್ನು ಸರಿಪಡಿಸಿಕೊಳ್ಳುವುದಕ್ಕೆ ಹಣವಾಗಲಿ, ವಾಹನವಾಗಲಿ, ವಿಶೇಷ ವಿದ್ಯೆಯಾಗಲಿ ಬೇಕಿಲ್ಲವೆಂಬುದು ನನ್ನ ದೃಢವಾದ ನಂಬಿಕೆ.

ದಿನವನ್ನು ಕೊನೆಯಿಂದ ಎಣಿಸಿರಿ

ನಾವೆಲ್ಲರೂ ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ದಿನವನ್ನು ಹೊರಡುವ ವೇಳೆಯಿಂದ ಎಣಿಸುವುದು. ಏಳಕ್ಕೆ ಹೊರಟರೆ ಎಂಟಕ್ಕೆ ಶಿಗ್ಗಾವಿ, ಒಂಬತ್ತೂವರೆಗೆ ಹಾವೇರಿ, ಹತ್ತಕ್ಕೆ ಕಚೇರಿ, ಹನ್ನೊಂದಕ್ಕೆ ಆಸ್ಪತ್ರೆ ಎಂದು ಮನಸ್ಸು ಮುಂದುಮುಂದಕ್ಕೆ ಓಡುತ್ತದೆ. ಪ್ರತಿಯೊಂದು ಕೆಲಸವೂ ಅಡ್ಡಿಯಿಲ್ಲದೆ ಮುಗಿದೀತೆಂದೇ ಅದು ಭಾವಿಸುತ್ತದೆ. ಮನುಷ್ಯಸ್ವಭಾವದ ಈ ದೌರ್ಬಲ್ಯವನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬವರು 1979ರಲ್ಲಿ ಗುರುತಿಸಿ ಅದಕ್ಕೊಂದು ಹೆಸರನ್ನೇ ಕೊಟ್ಟರು. ಹಿಂದೆ ಅದೇ ಕೆಲಸಕ್ಕೆ ಎಷ್ಟು ಹೊತ್ತು ಹಿಡಿದಿತ್ತೆಂಬುದನ್ನು ಬಲ್ಲವನೂ ಕೂಡ ಮುಂದಿನ ಸಲ ಅದು ಬೇಗ ಮುಗಿದೀತೆಂದೇ ಲೆಕ್ಕ ಹಾಕುತ್ತಾನೆಂಬುದು ಅವರ ವಿಚಾರದ ಸಾರ. ಪರಿಹಾರವೂ ಅದರಲ್ಲೇ ಇದೆ: ಆಸೆಯನ್ನು ಕೇಳಬಾರದು, ಹಿಂದಿನ ಅನುಭವವನ್ನು ಕೇಳಬೇಕು. ಹೋದ ಸಲ ಬ್ಯಾಂಕಿನಲ್ಲಿ ಒಂದೂವರೆ ತಾಸು ಹಿಡಿದಿದ್ದರೆ ಈ ಸಲವೂ ಒಂದೂವರೆ ತಾಸೆಂದೇ ಬರೆದುಕೊಳ್ಳತಕ್ಕದ್ದು.

ಆದುದರಿಂದ ಮೊದಲು ನಿಶ್ಚಯಿಸಬೇಕಾದದ್ದು ಮನೆಗೆ ಮರಳುವ ವೇಳೆ. ನನ್ನ ಅತ್ತೆಗೆ ಅದು ಎಮ್ಮೆ ಹಿಂಡುವ ಹೊತ್ತು. ಇನ್ನೊಬ್ಬರಿಗೆ ಮಗು ಶಾಲೆಯಿಂದ ಬರುವ ಹೊತ್ತಾದೀತು, ಮತ್ತೊಬ್ಬರಿಗೆ ಹಾಸಿಗೆ ಹಿಡಿದ ಹಿರಿಯರಿಗೆ ಔಷಧಿ ಕೊಡುವ ಹೊತ್ತಾದೀತು. ಉದಾಹರಣೆಗೆ, ಆರೂವರೆಗೆ ಎಮ್ಮೆ ಹಿಂಡಬೇಕಾದರೆ ಆರಕ್ಕೆ ಮನೆಯಲ್ಲಿರಬೇಕು. ಅದಕ್ಕಾಗಿ ಐದರ ಸುಮಾರಿಗೆ ಶಿಗ್ಗಾವಿಯಲ್ಲಿ ಊರ ಬಸ್ಸನ್ನು ಹಿಡಿಯಬೇಕು. ಅದಕ್ಕಾಗಿ ಮೂರೂವರೆಗೆ ಹಾವೇರಿಯನ್ನು ಬಿಡಬೇಕು. ಅಂದರೆ ಮೂರು ಗಂಟೆಯೊಳಗೆ ಅಲ್ಲಿಯ ಕೆಲಸ ತೀರಬೇಕು. ಮಧ್ಯಾಹ್ನದ ಊಟದ ವಿರಾಮವನ್ನು ಕಳೆದರೆ ಪ್ರಧಾನವಾದ ಕೆಲಸಕ್ಕೆ ಉಳಿಯುವುದು ಹತ್ತರಿಂದ ಒಂದೂವರೆಯವರೆಗಿನ ಅವಧಿಯೊಂದೇ. ಹೀಗೆ ಹಿಂದಿನಿಂದ ಎಣಿಸಿದಾಗ, ಹೊರಡುವಾಗ ಅಖಂಡವಾಗಿ ಕಾಣುತ್ತಿದ್ದ ದಿನವು ವಾಸ್ತವದಲ್ಲಿ ಮೂರೂವರೆ ತಾಸಿನದೆಂಬ ಸತ್ಯವು ಕಣ್ಣಿಗೆ ಕಟ್ಟುತ್ತದೆ. ಆ ಮೂರೂವರೆ ತಾಸಿನಲ್ಲಿ ಐದು ಕೆಲಸ ಹಿಡಿಸುವುದಿಲ್ಲ. ಒಂದು ದೊಡ್ಡದು, ಅದರ ಮಗ್ಗುಲಲ್ಲಿ ಎರಡು ಚಿಕ್ಕವು ಹಿಡಿಸುತ್ತವೆ.

ಬಿತ್ತುವವನಿಗೆ ಈ ನ್ಯಾಯ ಹೊಸದಲ್ಲ. ಮಳೆ ಬಿದ್ದ ಮರುಕ್ಷಣವೇ ಕೂರಿಗೆ ಹೂಡುವವನಿಲ್ಲ. ಮಣ್ಣಿನ ಹದವನ್ನು ನೋಡಿ, ಆ ಹದ ಎಷ್ಟು ದಿನ ನಿಂತೀತೆಂದು ಎಣಿಸಿ, ಯಾವ ಹೊಲ ಮೊದಲು ಆರುವುದೋ ಅದಕ್ಕೆ ಮೊದಲು ಕೂರಿಗೆ ಒಯ್ಯುತ್ತಾನೆ. ಕಚೇರಿಗೂ ದವಾಖಾನೆಗೂ ಅಂಥದೇ ಒಂದು ಹದವುಂಟು.

ಹಿಂದಿನ ಸಂಜೆಯ ಅರ್ಧ ತಾಸು

ದಿನವನ್ನು ಗೆಲ್ಲಿಸುವುದು ಬಹುಮಟ್ಟಿಗೆ ಅದರ ಹಿಂದಿನ ಸಂಜೆ. ಊಟವಾದ ಮೇಲೆ ಅರ್ಧ ತಾಸು ಕುಳಿತು ಮಾಡಬೇಕಾದ ಕಾರ್ಯಗಳು ನಾಲ್ಕು.

ಮೊದಲನೆಯದು, ಪಂಚಾಂಗವನ್ನು ನೋಡುವುದು. ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳಂದು ಬ್ಯಾಂಕುಗಳಿಗೂ ರಾಜ್ಯ ಸರಕಾರದ ಕಚೇರಿಗಳಿಗೂ ರಜೆ. ಬ್ಯಾಂಕುಗಳಲ್ಲಿ ಈ ಪದ್ಧತಿ 2015ರ ಸೆಪ್ಟೆಂಬರಿನಿಂದ ನಡೆದು ಬಂದಿದೆ. ಆದರೂ ಶನಿವಾರದ ಬೆಳಗ್ಗೆ ಮುಚ್ಚಿದ ಬಾಗಿಲ ಮುಂದೆ ನಿಂತು ಮರಳುವವರನ್ನು ಪ್ರತಿ ತಿಂಗಳೂ ಕಾಣುತ್ತೇವೆ. ಸಂತೆಯ ದಿನ, ಜಾತ್ರೆಯ ದಿನ, ಮದುವೆಗಳ ಸುಗ್ಗಿ ಇವುಗಳನ್ನೂ ಅದೇ ಹೊತ್ತಿಗೆ ನೋಡಿಕೊಳ್ಳಬೇಕು. ಆ ದಿನಗಳಲ್ಲಿ ಬಸ್ಸಿನಲ್ಲಿ ಕಾಲಿಡಲು ಎಡೆಯಿರುವುದಿಲ್ಲ.

ಎರಡನೆಯದು, ಮನೆಯಿಂದಲೇ ಆಗಬಲ್ಲ ಕೆಲಸಗಳನ್ನು ಪಟ್ಟಿಯಿಂದ ಕಳೆಯುವುದು. ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ 'ಭೂಮಿ' ಯೋಜನೆಯ ಫಲವಾಗಿ ಹೊಲದ ಉತಾರಕ್ಕೆಂದೇ ತಾಲೂಕಿಗೆ ಹೋಗಬೇಕಾದ ಅಗತ್ಯವು ಈಗ ಇಲ್ಲ. ಆನ್‌ಲೈನಿನಲ್ಲಾಗಲಿ, ಗ್ರಾಮ ಒನ್ ಕೇಂದ್ರದಲ್ಲಾಗಲಿ ಅದನ್ನು ಪಡೆಯಬಹುದು. ಹೆಸ್ಕಾಂ ಬಿಲ್ಲನ್ನು ಮೊಬೈಲಿನಿಂದಲೇ ಕಟ್ಟಬಹುದು. ನಿವೃತ್ತರು ನವೆಂಬರಿನಲ್ಲಿ ಕೊಡಬೇಕಾದ ಜೀವಿತ ಪ್ರಮಾಣಪತ್ರವನ್ನು 2014ರಲ್ಲಿ ಆರಂಭವಾದ 'ಜೀವನ್ ಪ್ರಮಾಣ್' ವ್ಯವಸ್ಥೆಯ ಮೂಲಕ ಮುಖಚಿತ್ರ ತೋರಿಸಿಯೇ ಸಲ್ಲಿಸಬಹುದು. ಆದಾಯ ಪ್ರಮಾಣಪತ್ರಕ್ಕೆ ಹೊರಡುವ ಮುನ್ನ ಮನೆಯಲ್ಲಿರುವ ಹಳೆಯದನ್ನು ತೆಗೆದು ನೋಡಿರಿ. ಅದು ಐದು ವರ್ಷಗಳವರೆಗೆ ಊರ್ಜಿತವಾಗಿರುತ್ತದೆ, ಮತ್ತು ಅದರ ಮೇಲಿನ ಆರ್‌ಡಿ ಸಂಖ್ಯೆಯೇ ವಿದ್ಯಾರ್ಥಿವೇತನದ ಅರ್ಜಿಗೆ ಬೇಕಾದದ್ದು. ನನ್ನ ಅತ್ತೆಯ ಮೊಮ್ಮಗಳ ಪ್ರಮಾಣಪತ್ರವು ಟ್ರಂಕಿನಲ್ಲಿ, ಮರೆತುಬಂದ ಪಾಸ್‌ಬುಕ್ಕಿನ ಕೆಳಗೇ, ಇನ್ನೂ ಎರಡು ವರ್ಷದ ಆಯುಸ್ಸನ್ನಿಟ್ಟುಕೊಂಡು ಮಲಗಿತ್ತು.

ಮೂರನೆಯದು, ದೂರವಾಣಿ. ವೈದ್ಯರು ನಾಳೆ ಬರುತ್ತಾರೆಯೇ, ಸಾಹೇಬರು ಸಭೆಗೆ ಹೋಗಿರುತ್ತಾರೆಯೇ, ಸರ್ವರ್ ನಡೆಯುತ್ತಿದೆಯೇ ಎಂದು ವಿಚಾರಿಸುವ ಎರಡು ನಿಮಿಷದ ಮಾತು ಒಂದು ದಿನವನ್ನು ಉಳಿಸಬಲ್ಲದು. ಆ ಕಡೆಯವರ ಸಂಖ್ಯೆ ಇಲ್ಲದಿದ್ದರೆ ಆ ಊರಿನಲ್ಲಿರುವ ಬೀಗರನ್ನೋ ಗೆಳೆಯರನ್ನೋ ಕೇಳುವುದಕ್ಕೆ ಸಂಕೋಚಪಡಬಾರದು.

ನಾಲ್ಕನೆಯದು, ಕಾಗದದ ಚೀಲ. ಕೆಲಸಕ್ಕೊಂದರಂತೆ ಬೇರೆ ಬೇರೆ ಲಕೋಟೆಗಳನ್ನು ಮಾಡಿ, ಪ್ರತಿ ಲಕೋಟೆಯಲ್ಲಿ ಆ ಕೆಲಸಕ್ಕೆ ಬೇಕಾದ ಮೂಲಪತ್ರ, ಎರಡು ಜೆರಾಕ್ಸ್, ಒಂದು ಭಾವಚಿತ್ರ ಇಡಬೇಕು. ಆಧಾರ್, ಪಾಸ್‌ಬುಕ್, ಉತಾರ ಇವು ಮೂರರಲ್ಲಿಯೂ ಹೆಸರು ಒಂದೇ ರೀತಿಯಾಗಿದೆಯೇ ಎಂದು ಹಾಳೆಗಳನ್ನು ಮಗ್ಗುಲುಮಗ್ಗುಲಿಗೆ ಇಟ್ಟು ಓದಬೇಕು. ಒಂದರಲ್ಲಿ ಗಂಡನ ಹೆಸರು, ಇನ್ನೊಂದರಲ್ಲಿ ಅಡ್ಡಹೆಸರು, ಮತ್ತೊಂದರಲ್ಲಿ 'ಅವ್ವ' ಎಂಬ ಕೊನೆಯಕ್ಷರವೇ ಬಿಟ್ಟುಹೋಗಿರುವುದು ನಮ್ಮ ಸೀಮೆಯ ಹೆಣ್ಣುಮಕ್ಕಳ ಕಾಗದಗಳಲ್ಲಿ ತೀರ ಸಾಮಾನ್ಯ. ಆ ಭೇದವು ಮನೆಯಲ್ಲಿ ತಿಳಿದರೆ ತಿದ್ದುಪಡಿಯೇ ನಾಳಿನ ಮೊದಲ ಕೆಲಸವಾಗುತ್ತದೆ. ಪಾಳಿ ಬಂದ ಮೇಲೆ ತಿಳಿದರೆ ಹಿಂದಿರುಗುವುದೊಂದೇ ದಾರಿ. ಆಧಾರಿಗೆ ಜೋಡಿಸಿದ ಮೊಬೈಲ್ ಯಾರ ಕೈಯಲ್ಲಿದೆಯೆಂಬುದೂ ಮುಖ್ಯ. ಓಟಿಪಿ ಬರುವ ಫೋನು ಬೆಂಗಳೂರಿನಲ್ಲಿರುವ ಮಗನದಾದರೆ, ಇಷ್ಟು ಹೊತ್ತಿಗೆ ಕರೆ ಮಾಡುತ್ತೇವೆಂದು ಅವನಿಗೆ ಮೊದಲೇ ತಿಳಿಸಿಡಬೇಕು.

ಯಾವುದು ಮೊದಲು, ಯಾವುದು ಆಮೇಲೆ

ಕೆಲಸಗಳಲ್ಲಿ ಎರಡು ಜಾತಿ: ವೇಳೆಯು ಬೇರೆಯವರ ಕೈಯಲ್ಲಿರುವಂಥವು ಮತ್ತು ವೇಳೆಯು ನಮ್ಮ ಕೈಯಲ್ಲಿರುವಂಥವು. ವೈದ್ಯರ ಭೇಟಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕಾವೇರಿ ತಂತ್ರಾಂಶದ ಮೂಲಕ ಗೊತ್ತುಪಡಿಸಿಕೊಂಡ ನೋಂದಣಿಯ ಹೊತ್ತು, ನ್ಯಾಯಾಲಯದ ತಾರೀಖು ಇವು ಮೊದಲನೆಯ ಜಾತಿಯವು. ಕಿರಾಣಿ, ಬೀಜಗೊಬ್ಬರ, ಬಟ್ಟೆ, ಮಿಕ್ಸರಿನ ದುರಸ್ತಿ ಎರಡನೆಯವು. ಮೊದಲನೆಯ ಜಾತಿಯ ಒಂದೇ ಒಂದನ್ನು ದಿನದ ಯಜಮಾನನನ್ನಾಗಿ ಮಾಡಿ, ಉಳಿದವುಗಳನ್ನು ಅದರ ಹಿಂದೆ ಮುಂದೆ ಕಟ್ಟಬೇಕು. ಒಂದೇ ದಿನದಲ್ಲಿ ಇಬ್ಬರು ಯಜಮಾನರಿದ್ದರೆ ಇಬ್ಬರ ಸೇವೆಯೂ ಕೆಡುತ್ತದೆ.

ಎರಡನೆಯ ಸೂತ್ರವು ದಿಕ್ಕಿಗೆ ಸಂಬಂಧಿಸಿದ್ದು. ಶಿಗ್ಗಾವಿಯಿಂದ ಹೆದ್ದಾರಿ ಹಿಡಿದರೆ ಉತ್ತರಕ್ಕೆ ಹುಬ್ಬಳ್ಳಿ, ದಕ್ಷಿಣಕ್ಕೆ ಬಂಕಾಪುರವನ್ನು ಹಾದು ಹಾವೇರಿ. ಸವಣೂರಿನ ಹಾದಿ ಬೇರೆ, ಹಾನಗಲ್ಲಿನ ಹಾದಿ ಬೇರೆ. ಒಂದು ದಿನಕ್ಕೆ ಒಂದೇ ದಿಕ್ಕು ಎಂಬ ನಿಯಮವನ್ನು ಇಟ್ಟುಕೊಂಡವರು ಬಸ್‌ಸ್ಟ್ಯಾಂಡಿನಲ್ಲಿ ಕಳೆಯುವ ಹೊತ್ತು ತಾನಾಗಿಯೇ ಕುಗ್ಗುತ್ತದೆ. ಭಾರವಾದ ಸಾಮಾನು ಕೊಳ್ಳುವುದಿದ್ದರೆ ಅದನ್ನು ಕೊನೆಯ ನಿಲ್ದಾಣಕ್ಕೆ ಬಿಡಬೇಕು; ಗೊಬ್ಬರದ ಚೀಲವನ್ನು ಹೊತ್ತು ದವಾಖಾನೆಯ ಪಾಳಿಯಲ್ಲಿ ನಿಲ್ಲುವುದು ಯಾರಿಗೂ ಬೇಡದ ಕಷ್ಟ.

ಮೂರನೆಯದು, ಕಾಯಲೇಬೇಕಾದ ಹೊತ್ತನ್ನು ಇನ್ನೊಂದು ಕೆಲಸದ ಹೊತ್ತನ್ನಾಗಿ ಮಾಡುವುದು. ಸಕ್ಕರೆಯ ಪರೀಕ್ಷೆಯನ್ನೇ ತೆಗೆದುಕೊಳ್ಳಿರಿ. ಖಾಲಿಹೊಟ್ಟೆಯ ರಕ್ತವನ್ನು ಕೊಡಲು ಕನಿಷ್ಠ ಎಂಟು ತಾಸು ನೀರನ್ನು ಬಿಟ್ಟು ಬೇರೇನನ್ನೂ ಸೇವಿಸಿರಬಾರದು. ಚಹಾ ಕೂಡ ಆಗದು. ಆಮೇಲೆ ಉಪಾಹಾರ ಮಾಡಿ, ಅದರ ಮೊದಲ ತುತ್ತಿನಿಂದ ಎರಡು ತಾಸು ಕಳೆದ ಮೇಲೆ ಮತ್ತೊಮ್ಮೆ ರಕ್ತವನ್ನು ಕೊಡಬೇಕು. ಈ ಎರಡು ತಾಸು ಜೀವಂತವಾದ ಹೊತ್ತು: ಹತ್ತಿರದ ಬ್ಯಾಂಕಿನ ಕೆಲಸ, ಜೆರಾಕ್ಸ್, ಔಷಧಿ ಇವು ಅದರಲ್ಲಿ ಸೇರುತ್ತವೆ. ಆದರೆ ಸಕ್ಕರೆಯ ಕಾಯಿಲೆಯವರು ತಮ್ಮ ಗುಳಿಗೆಯನ್ನೋ ಇನ್ಸುಲಿನ್ನನ್ನೋ ಪರೀಕ್ಷೆಯ ಮುನ್ನ ತೆಗೆದುಕೊಳ್ಳಬೇಕೆ, ಆಮೇಲೆಯೇ ಎಂಬುದನ್ನು ವೈದ್ಯರಿಂದಲೇ ತಿಳಿದಿರಬೇಕು. ಚೀಲದ ಹೊರಜೇಬಿನಲ್ಲಿ ಒಂದು ತುಂಡು ಬೆಲ್ಲವನ್ನೋ ಸಕ್ಕರೆಯ ಪುಡಿಕೆಯನ್ನೋ ಇಟ್ಟಿರಬೇಕು. ಕೈ ನಡುಗಿ, ಮೈ ಬೆವರಿ, ಕಣ್ಣು ಕತ್ತಲಿಟ್ಟರೆ ಪರೀಕ್ಷೆಯ ಯೋಚನೆಯನ್ನು ಬಿಟ್ಟು ಅದನ್ನು ಬಾಯಿಗೆ ಹಾಕಿಕೊಳ್ಳತಕ್ಕದ್ದು.

ಕಚೇರಿಯ ಪಾಳಿಯಲ್ಲಿ

ಈ ಸೀಮೆಯವರು ಒಂದು ವಿಷಯವನ್ನು ಮರೆಯಬಾರದು. 1997ರ ಆಗಸ್ಟ್ 24ರಂದು ಹಾವೇರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಜಿಲ್ಲಾಮಟ್ಟದ ಯಾವ ಕೆಲಸಕ್ಕಾದರೂ ನಾವು ಧಾರವಾಡಕ್ಕೇ ಹೋಗಬೇಕಾಗಿತ್ತು. ಹಿರೇಕೆರೂರಿನ ರೈತನೊಬ್ಬನಿಗೆ ಅದು ನೂರು ಕಿಲೋಮೀಟರಿಗೂ ಮಿಕ್ಕ ಪ್ರಯಾಣ, ಅನೇಕ ವೇಳೆ ರಾತ್ರಿಯ ವಸತಿಯೊಡನೆ. 2008ರ ಜುಲೈಯಲ್ಲಿ ಧಾರವಾಡದಲ್ಲಿ ಉಚ್ಚ ನ್ಯಾಯಾಲಯದ ಪೀಠವು ಆರಂಭವಾಗುವವರೆಗೆ ಮೇಲ್ಮನವಿಗೆ ಬೆಂಗಳೂರೇ ಗತಿಯಾಗಿತ್ತು. ಹಿರಿಯರು ಕಚೇರಿಗಳನ್ನು ಹತ್ತಿರಕ್ಕೆ ತಂದುಕೊಟ್ಟಿದ್ದಾರೆ. ಆ ಉಪಕಾರವನ್ನು ಅಕ್ರಮದಿಂದ ವ್ಯರ್ಥಮಾಡದಿರುವುದು ನಮ್ಮ ಹೊಣೆ.

ಜಿಲ್ಲಾಧಿಕಾರಿಗಳ ಕಚೇರಿಯು ಹಾವೇರಿ ಪೇಟೆಯ ನಡುವೆ ಇಲ್ಲ, ಊರಾಚೆ ದೇವಗಿರಿಯ ಬಳಿ ಇದೆಯೆಂಬುದನ್ನು ಮೊದಲ ಬಾರಿ ಹೋಗುವವರು ಲಕ್ಷ್ಯದಲ್ಲಿಡಬೇಕು. ಬಸ್‌ಸ್ಟ್ಯಾಂಡಿನಿಂದ ಅಲ್ಲಿಗೆ ಹೋಗಿ ಬರುವ ಹೊತ್ತನ್ನು ಲೆಕ್ಕಕ್ಕೆ ಹಿಡಿಯದೆ ಕೆಟ್ಟ ದಿನಗಳು ಅನೇಕ. ಸರಕಾರಿ ಕಚೇರಿ ತೆರೆಯುವ ಹತ್ತು ಗಂಟೆಗೆ ಹದಿನೈದು ನಿಮಿಷ ಮುಂಚೆ ಬಾಗಿಲಲ್ಲಿದ್ದವನಿಗೂ ಹನ್ನೊಂದೂವರೆಗೆ ಬಂದವನಿಗೂ ನಡುವಣ ಅಂತರವು ಪಾಳಿಯಲ್ಲಿ ಒಂದೂವರೆ ತಾಸಿಗಿಂತ ಹೆಚ್ಚಿನದಾಗುತ್ತದೆ. ಪಾಳಿ ಹಚ್ಚುವ ಮೊದಲೇ, "ಈ ಕೆಲಸಕ್ಕ ಯಾವ ಕಿಟಕಿರೀ, ಏನೇನ ಕಾಗದ ಬೇಕ್ರೀ?" ಎಂದು ಒಬ್ಬರನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು.

ಅರ್ಜಿಯನ್ನು ಕೊಟ್ಟು ಸುಮ್ಮನೆ ಮರಳಬಾರದು. 2011ರ ಶಾಸನದಿಂದ ಹುಟ್ಟಿ 2012ರ ಏಪ್ರಿಲ್ 2ರಿಂದ ರಾಜ್ಯಾದ್ಯಂತ ಜಾರಿಯಲ್ಲಿರುವ 'ಸಕಾಲ' ವ್ಯವಸ್ಥೆಯಲ್ಲಿ ಬರುವ ಸೇವೆಗಳಿಗೆ ಸ್ವೀಕೃತಿ ಚೀಟಿಯೂ, ಅದರ ಮೇಲೆ ಹದಿನೈದು ಅಂಕಿಗಳ ಸಂಖ್ಯೆಯೂ, ಸೇವೆ ದೊರೆಯಬೇಕಾದ ಕೊನೆಯ ದಿನಾಂಕವೂ ಇರುತ್ತವೆ. ಆ ಸಂಖ್ಯೆಯಿಂದ ಅರ್ಜಿಯ ಸ್ಥಿತಿಯನ್ನು ಮನೆಯಲ್ಲಿ ಕುಳಿತೇ ತಿಳಿಯಬಹುದು. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಪರಿಹಾರ ಕೇಳುವ ಹಕ್ಕನ್ನೂ ಶಾಸನ ಕೊಟ್ಟಿದೆ. ಚೀಟಿಯನ್ನು ಆಗಲೇ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿರಿ. "ಆಗೈತೇನ ನೋಡಿ ಬರೂಣು" ಎಂದು ಹೊರಡುವ ದಿನಗಳು ಇದರಿಂದ ಉಳಿಯುತ್ತವೆ.

ಹಾದಿಯ ವಿಳಂಬಗಳು

ಬೆಂಗಳೂರಿನ ವಾಹನದಟ್ಟಣೆಯ ಕಥೆಯನ್ನು ನಾವು ಮಕ್ಕಳ ಬಾಯಿಂದ ನಿತ್ಯ ಕೇಳುತ್ತೇವೆ. ಟಾಮ್‌ಟಾಮ್ ಸಂಸ್ಥೆಯ 2022ರ ಗಣನೆಯ ಪ್ರಕಾರ ಆ ನಗರದ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಹಿಡಿಯುತ್ತಿತ್ತು. ಅಲ್ಲಿಯ ವಿಳಂಬವು ದಿನವೂ ಒಂದೇ ತೆರನಾದದ್ದು, ಆದುದರಿಂದ ಎಣಿಕೆಗೆ ಸಿಕ್ಕುತ್ತದೆ. ನಮ್ಮ ಸೀಮೆಯದು ಋತುವಿನೊಡನೆ ಬದಲಾಗುವಂಥದು, ಅದನ್ನು ಪಂಚಾಂಗದಂತೆ ಓದಬೇಕು. ಮಳೆಗಾಲದಲ್ಲಿ ವರದಾ, ಧರ್ಮಾ, ಕುಮುದ್ವತಿ ನದಿಗಳು ತುಂಬಿದಾಗ ತಗ್ಗಿನ ಸೇತುವೆಗಳು ಮುಳುಗಿ ಹಾದಿ ಸುತ್ತಾಗುತ್ತದೆ. ನೀರು ಮೇಲೆ ಹರಿಯುತ್ತಿರುವ ಸೇತುವೆಯನ್ನು, ಅದು ಮೊಣಕಾಲಷ್ಟೇ ಆಳವೆಂದು ಕಂಡರೂ, ದಾಟಕೂಡದು. ಸುಗ್ಗಿಯಲ್ಲಿ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳವನ್ನು ಹರವಿರುತ್ತಾರೆ. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಕತ್ತಲಾದ ಮೇಲೆ ಹಿಂದೆ ದೀಪವಿಲ್ಲದ ಟ್ರೇಲರು ಬೈಕಿನವನಿಗೆ ಕೊನೆಯ ಗಳಿಗೆಯವರೆಗೂ ಕಾಣುವುದಿಲ್ಲ; ಹಗಲಿರುವಾಗಲೇ ಮನೆ ಸೇರಬೇಕೆಂಬುದಕ್ಕೆ ಎಮ್ಮೆಯಷ್ಟೇ ಅಲ್ಲ, ಇದೂ ಕಾರಣ.

ತಡವಾಯಿತೆಂದು ವೇಗವನ್ನು ಹೆಚ್ಚಿಸುವವರು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಲಿ. 35 ಕಿಲೋಮೀಟರ್ ಹಾದಿಯನ್ನು ತಾಸಿಗೆ 60ರ ವೇಗದಲ್ಲಿ ಹೋದರೆ 35 ನಿಮಿಷ. 80ರ ವೇಗದಲ್ಲಿ ಹೋದರೆ ಸುಮಾರು 26 ನಿಮಿಷ. ಪ್ರಾಣವನ್ನು ಪಣವಾಗಿಟ್ಟು ಉಳಿಸಿದ್ದು ಒಂಬತ್ತು ನಿಮಿಷ! ಅದು ಒಂದು ಜೆರಾಕ್ಸ್ ಅಂಗಡಿಯಲ್ಲಿ ಕಳೆದುಹೋಗುವ ಹೊತ್ತು. ಒಂಬತ್ತು ನಿಮಿಷವನ್ನು ಹಿಂದಿನ ಸಂಜೆಯಲ್ಲಿ ಉಳಿಸಬೇಕು, ಹೆದ್ದಾರಿಯ ಮೇಲೆ ಅಲ್ಲ. ಸ್ವಂತ ಕಾರಿನಲ್ಲಿ ಹೋಗುವವರು ಬಂಕಾಪುರದ ಟೋಲ್ ಮುಟ್ಟುವ ಮೊದಲೇ ಫಾಸ್ಟ್ಯಾಗಿನಲ್ಲಿ ಹಣವಿದೆಯೇ ನೋಡಿಕೊಳ್ಳಬೇಕು. ಹೆದ್ದಾರಿಯಲ್ಲಿ ವಾಹನ ಕೆಟ್ಟರೆ 1033, ಅಪಘಾತವಾದರೆ 108 ಅಥವಾ 112 ಎಂಬ ಸಂಖ್ಯೆಗಳು ಬಾಯಿಪಾಠವಾಗಿರಬೇಕು.

ಬಸ್ಸಿನವರಿಗೆ ಬೇರೆಯ ಮಾತು. 2023ರ ಜೂನ್ 11ರಿಂದ ಜಾರಿಯಾದ 'ಶಕ್ತಿ' ಯೋಜನೆಯಂತೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗಿನ ಪ್ರಯಾಣವು ಉಚಿತ. ಆದರೆ ಕರ್ನಾಟಕದ ವಿಳಾಸವುಳ್ಳ ಗುರುತಿನ ಚೀಟಿಯನ್ನು ತೋರಿಸಿ ಶೂನ್ಯ ಟಿಕೆಟನ್ನು ಪಡೆಯಲೇಬೇಕು. ಚೀಟಿಯನ್ನು ಕಾಗದದ ಕಟ್ಟಿನ ತಳದಲ್ಲಿಡದೆ ಕೈಗೆಟಕುವಲ್ಲಿ ಇಟ್ಟುಕೊಳ್ಳಿರಿ. ಬೆಳಗಿನ ಶಾಲೆ ಕಾಲೇಜಿನ ಹೊತ್ತಿಗಿಂತ ಒಂದು ಬಸ್ಸು ಮುಂಚೆ ಹೊರಟರೆ ಮುದುಕರಿಗೆ ಕೂರಲು ಜಾಗ ಸಿಗುತ್ತದೆ, ಮಕ್ಕಳಿಗೂ ಅವರ ಜಾಗ ಉಳಿಯುತ್ತದೆ.

ಹುಬ್ಬಳ್ಳಿಯ ದಿನ

ಹುಬ್ಬಳ್ಳಿಯ ದವಾಖಾನೆಯ ಕೆಲಸಕ್ಕೆ ಒಂದು ದಿನವನ್ನು ಪೂರ್ತಿಯಾಗಿ ಮೀಸಲಿಡಬೇಕು. ಅದನ್ನು ತಾಲೂಕಿನ ಕೆಲಸಗಳ ಬಾಲಕ್ಕೆ ಕಟ್ಟುವುದು ಸಲ್ಲದು. ಹೊರಡುವ ಮುನ್ನ ಬಸ್ಸು ಯಾವ ನಿಲ್ದಾಣಕ್ಕೆ ಹೋಗುತ್ತದೆಂದು ಕಂಡಕ್ಟರನ್ನು ಕೇಳಬೇಕು: ಹಳೇ ಬಸ್‌ಸ್ಟ್ಯಾಂಡ್, ಗೋಕುಲ ರಸ್ತೆಯ ಹೊಸ ಬಸ್‌ಸ್ಟ್ಯಾಂಡ್, ಹೊಸೂರು ಇವು ಒಂದಕ್ಕೊಂದು ದೂರ. 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜೆಂದು ಆರಂಭವಾಗಿ ಜನರ ಬಾಯಲ್ಲಿ ಕಿಮ್ಸ್ ಆಗಿರುವ ಆಸ್ಪತ್ರೆಯು ವಿದ್ಯಾನಗರದಲ್ಲಿದ್ದು, ಹುಬ್ಬಳ್ಳಿ ಧಾರವಾಡಗಳ ನಡುವೆ 2018ರಿಂದ ಓಡುತ್ತಿರುವ ಚಿಗರಿ ಬಸ್ಸಿನ ಹಾದಿಯಲ್ಲೇ ಅದರ ನಿಲ್ದಾಣವಿದೆ. ಚಿಗರಿಗೆ ಪ್ರತ್ಯೇಕ ಪಥವಿರುವುದರಿಂದ ಉಳಿದ ರಸ್ತೆ ಕಿಕ್ಕಿರಿದಿದ್ದಾಗ ಆಟೋಗಿಂತ ಅದೇ ಲೇಸು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನ ಸವಲತ್ತಿನಲ್ಲಿ ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದಿರುವವರು, ತುರ್ತಿನ ಸಂದರ್ಭವನ್ನು ಬಿಟ್ಟರೆ, ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಮೊದಲೇ ಪಡೆದಿರಬೇಕು. ಹಳೆಯ ಚೀಟಿಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ, ಈಗ ನುಂಗುತ್ತಿರುವ ಗುಳಿಗೆಗಳ ಖಾಲಿ ಪಟ್ಟಿಗಳನ್ನು ಜೊತೆಗಿಟ್ಟು, ವೈದ್ಯರಿಗೆ ಕೇಳಬೇಕಾದ ಮೂರು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದುಕೊಂಡು ಹೋದವರು ಐದು ನಿಮಿಷದ ಭೇಟಿಯಲ್ಲಿ ಪೂರ್ಣ ಪ್ರಯೋಜನವನ್ನು ಪಡೆಯುತ್ತಾರೆ.

ವೇಳೆ ತಪ್ಪಿದಾಗ

ಇಷ್ಟೆಲ್ಲ ಎಚ್ಚರ ವಹಿಸಿದರೂ ವಿಳಂಬವು ಬರುವ ದಿನ ಬಂದೇ ಬರುತ್ತದೆ. ಆಗ ಮಾಡಬೇಕಾದ ಮೊದಲ ಕಾರ್ಯ, ಕಾಯುತ್ತಿರುವವರಿಗೆ ಸುದ್ದಿ ಮುಟ್ಟಿಸುವುದು. ತಡವಾದ ಮೇಲೆ ಕೇಳುವ ಕ್ಷಮೆಗಿಂತ ತಡವಾಗುವ ಮುನ್ನ ಕೊಡುವ ಸೂಚನೆ ಹೆಚ್ಚು ಗೌರವಯುತವಾದದ್ದು. ಎರಡನೆಯದು, ಯಾವುದನ್ನು ಬಿಡಬೇಕೆಂಬುದನ್ನು ನಿರ್ಧರಿಸುವುದು. ಈ ನಿರ್ಧಾರವನ್ನು ಬಿಸಿಲಿನಲ್ಲಿ, ಹಸಿವಿನಲ್ಲಿ, ಗದ್ದಲದಲ್ಲಿ ಮಾಡಲು ಹೋಗಬಾರದು. ಹಿಂದಿನ ಸಂಜೆಯೇ ಪಟ್ಟಿಯ ಕೊನೆಯ ಕೆಲಸಕ್ಕೆ ಒಂದು ಗೀಟು ಹಾಕಿ, "ಹೊತ್ತಾದರೆ ಇದನ್ನು ಬಿಡತಕ್ಕದ್ದು" ಎಂದು ಗುರುತು ಮಾಡಿಟ್ಟಿದ್ದರೆ ಮನಸ್ಸು ತೊಳಲುವುದಿಲ್ಲ. ಮೂರನೆಯದು, ಹೊಟ್ಟೆಯನ್ನು ಮರೆಯದಿರುವುದು. ಹಸಿದವನಿಗೆ ಕಾಗದದ ಮೇಲಿನ ಅಕ್ಷರ ಸರಿಯಾಗಿ ಕಾಣದು, ಎದುರಿಗಿನವರ ಮಾತು ಸರಿಯಾಗಿ ಕೇಳದು. ಬುತ್ತಿಯ ರೊಟ್ಟಿಯನ್ನು ಹೊತ್ತಿಗೆ ಸರಿಯಾಗಿ ಬಿಚ್ಚುವುದೂ ಕೆಲಸದ ಒಂದು ಭಾಗ.

ಕಿಟಕಿಯ ಆಚೆ ಕುಳಿತವರೂ ನಮ್ಮಂತೆಯೇ ಬೆಳಗಿನ ಬಸ್ಸಿಗೆ ಓಡಿ ಬಂದವರೆಂಬುದು ನೆನಪಿನಲ್ಲಿರಲಿ. ಮುದುಕರನ್ನೂ ಬಸುರಿಯರನ್ನೂ ಪಾಳಿಯಲ್ಲಿ ಮುಂದೆ ಬಿಡುವುದರಿಂದ ನಮಗಾಗುವ ನಷ್ಟ ಐದು ನಿಮಿಷ. ಅದನ್ನು ನಾವು ಲೆಕ್ಕದಲ್ಲಿ ಮೊದಲೇ ಸೇರಿಸಿಟ್ಟಿದ್ದರೆ ಮನಸ್ಸು ಮುದುಡುವುದಿಲ್ಲ. ಹಾನಗಲ್ಲಿನಲ್ಲಿ ಒಮ್ಮೆ ಊಟದ ವಿರಾಮ ಮುಗಿಯುವವರೆಗೆ ಕಾಯಬೇಕಾದಾಗ ನಾನು ತಾರಕೇಶ್ವರ ದೇವಾಲಯದೊಳಗೆ ಹೋಗಿ, ಕಮಲದಂತೆ ಸುತ್ತುಸುತ್ತಾಗಿ ಇಳಿದಿರುವ ಕಲ್ಲಿನ ಮಾಳಿಗೆಯ ಕೆಳಗೆ ಕುಳಿತೆನು. ಒಂದೊಂದು ದಳವನ್ನೂ ಅವಸರವಿಲ್ಲದೆ ಕಡೆದ ಆ ಕೈಗಳನ್ನು ನೆನೆಯುತ್ತ ಕುಳಿತ ಅರ್ಧ ತಾಸು ನನ್ನ ಆ ದಿನದಲ್ಲಿ ಕಳೆದುಹೋದದ್ದಲ್ಲ.

ಮೊದಲ ಪ್ರಯಾಣದ ಮೂರು ವಾರಗಳ ಬಳಿಕ ಅತ್ತೆಯೂ ನಾನೂ ಮತ್ತೊಮ್ಮೆ ಹೊರಟೆವು. ಈ ಸಲ ಪಟ್ಟಿಯಲ್ಲಿದ್ದದ್ದು ಎರಡೇ ಕೆಲಸ, ಎರಡೂ ಶಿಗ್ಗಾವಿಯಲ್ಲಿ. ಉತಾರ ಬಂದಿತ್ತು, ಪ್ರಮಾಣಪತ್ರ ಬೇಕಿರಲಿಲ್ಲ, ಹುಬ್ಬಳ್ಳಿಗೆ ಬೇರೆಯ ದಿನ ಗೊತ್ತಾಗಿತ್ತು. ಚಹಾದ ಅಂಗಡಿಯ ಮುಂದೆ ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಿರಬಿರನೆ ನಡೆದಳು. ರಕ್ತ ಕೊಟ್ಟು, ರೊಟ್ಟಿ ತಿಂದು, ನಡುವಣ ಎರಡು ತಾಸಿನಲ್ಲಿ ಬ್ಯಾಂಕಿನ ಪಾಳಿ ಹಚ್ಚಿದಳು. ಕಿಟಕಿಯಲ್ಲಿದ್ದವರು ಕೇಳುವ ಮೊದಲೇ ಲಕೋಟೆಯಿಂದ ಪಾಸ್‌ಬುಕ್ ತೆಗೆದು ಮುಂದಿಟ್ಟಾಗ ಆಕೆಯ ಮುಖದಲ್ಲಿ ಕಂಡ ತೃಪ್ತಿಯನ್ನು ನಾನು ಬಣ್ಣಿಸಲಾರೆ. ಮರಳುವಾಗ ಹಾದಿಯಲ್ಲಿ ಅದೇ ಕಬ್ಬಿನ ಟ್ರ್ಯಾಕ್ಟರುಗಳು, ಅದೇ ಆಮೆನಡಿಗೆ. ಬಸ್ಸು ಮುಕ್ಕಾಲು ತಾಸು ತಡವಾಯಿತು. ಆದರೆ ಆ ಮುಕ್ಕಾಲು ತಾಸನ್ನು ನಾವು ಹಿಂದಿನ ಸಂಜೆಯೇ ಅದಕ್ಕೆಂದು ತೆಗೆದಿಟ್ಟಿದ್ದೆವು. ಅತ್ತೆ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು.

ಮನೆ ಮುಟ್ಟಿದಾಗ ಬಿಸಿಲು ಇನ್ನೂ ಮಾಳಿಗೆಯ ಅಂಚಿನ ಮೇಲಿತ್ತು. ಆಕೆ ಚೀಲವನ್ನು ಗೂಟಕ್ಕೆ ಹಾಕಿ, ಕೈಕಾಲು ತೊಳೆದು, ಚರಿಗೆ ಹಿಡಿದು ಹಿತ್ತಲಿಗೆ ನಡೆದಳು. ಎಮ್ಮೆ ಒಮ್ಮೆ ಕತ್ತು ತಿರುಗಿಸಿ ನೋಡಿತು. ಚರಿಗೆಯ ತಳಕ್ಕೆ ಮೊದಲ ಧಾರೆ ಬಿದ್ದ ಸಪ್ಪಳ ಪಡಸಾಲೆಯವರೆಗೆ ಕೇಳಿಸಿತು.